ಇಂದಿನ ಧಮ್ಮ ಚಿಂತನೆ: ಹಳೆ ಕ್ಯಾಮೆರಾ ಮತ್ತು ನಾಲ್ಕನೆಯ ಸುಖ



ಕೌಶಾಂಬಿಯ ಉದಯನ ರಾಜನ ರಾಣಿವಾಸದವರು ಆನಂದ ಭಂತೆಯವರ ಉಪದೇಶ ಕೇಳಿ 500 ಚೀವರ ದಾನ ಕೊಟ್ಟರು. ಭಿಕ್ಖುವಿಗೆ ಇಷ್ಟೊಂದು ಬಟ್ಟೆ ಯಾಕೆ ಎಂದು ರಾಜ ಕೇಳಿದ. ಆನಂದರು ವಿವರಿಸಿದರು: ಚೀವರ ಹರಿದವರಿಗೆ ಹಂಚುತ್ತೇವೆ. ಅವರ ಹಳೆಯದು ಮೇಲುಹಾಸಾಗುತ್ತದೆ, ಆಮೇಲೆ ಹಾಸಿಗೆಯ ಗವಸು, ನೆಲಹಾಸು, ಕಾಲೊರಸು, ದೂಳು ಒರೆಸುವ ಬಟ್ಟೆ. ಕೊನೆಗೆ ಚೂರು ಮಾಡಿ ಮಣ್ಣಲ್ಲಿ ಕಲಸಿ ನೆಲಕ್ಕೆ ಮೆತ್ತುತ್ತೇವೆ. ರಾಜ ಮೆಚ್ಚಿ ಇನ್ನೂ 500 ಕೊಟ್ಟ. ವಿನಯ ಪಿಟಕದ ಪ್ರಸಂಗವಿದು.

ನಮ್ಮ ಹೆಗ್ಗದ್ದೆ ಕಡೆ ಮದುವೆ, ನಾಮಕರಣದ ಫೋಟೊ ತೆಗೆದು ದುಡಿಯುವ ಹುಡುಗನೊಬ್ಬ ಹೊಸ ಕ್ಯಾಮೆರಾಕ್ಕೆ ಕಂತು ಕಟ್ಟುವ ಬದಲು ಲೆನ್ಸ್ ಸಮೇತ ರೀಫರ್ಬಿಷ್ಡ್ ಕ್ಯಾಮೆರಾ ತಗೊಂಡ. ಅಂದರೆ ವಾಪಸ್ ಬಂದದ್ದನ್ನು ಬಿಚ್ಚಿ ನೋಡಿ, ಕೆಟ್ಟ ಭಾಗ ಬದಲಿಸಿ, ಕೆಲವು ತಿಂಗಳ ವಾರಂಟಿ ಕೊಟ್ಟು ಕಡಿಮೆ ಬೆಲೆಗೆ ಮಾರುವುದು. ಎಷ್ಟು ಸಲ ಕ್ಲಿಕ್ ಆಗಿದೆ ಎಂಬುದು ಶಟರ್ ಕೌಂಟ್‌ನಿಂದ ತಿಳಿಯುತ್ತದೆ. 1 ಲಕ್ಷ ಕ್ಲಿಕ್ ಬಾಳುವ ಕ್ಯಾಮೆರಾ 20 ಸಾವಿರ ಮುಗಿಸಿದ್ದರೆ ಇನ್ನೂ ಬೇಕಾದಷ್ಟು ಕೆಲಸ ಬಾಕಿ ಇದೆ.

ಭಗವಾನರು ಅನಾಥಪಿಂಡಿಕನಿಗೆ ಗೃಹಸ್ಥರ 4 ಸುಖ ತಿಳಿಸಿದರು: ಧರ್ಮದಿಂದ ಗಳಿಸಿದ ಸಂಪತ್ತು ಇರುವ ಸುಖ, ಅದನ್ನು ಬಳಸುವ ಸುಖ, ಸಾಲವಿಲ್ಲದ ಸುಖ, ನಿರ್ದೋಷವಾದ ನಡತೆಯ ಸುಖ. ಹಳೆಯದನ್ನು ಕೊಂಡ ಹುಡುಗನಿಗೆ ಮೂರನೆಯದು ಸಿಕ್ಕಿತು. ಕಂತಿನ ಭಯವಿಲ್ಲದೆ ಮಲಗುತ್ತಾನೆ.

ಕಷ್ಟ ಬಂದದ್ದು ಅದನ್ನು ಮಾರುವಾಗ. ನಮ್ಮ ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟಿಗೇ ಬೂಷ್ಟು ಬರುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಲೆನ್ಸಿನ ಒಳಗೆ ಜೇಡನ ಬಲೆಯಂಥ ಫಂಗಸ್. ಸಾಧಾರಣ ಬೆಳಕಲ್ಲಿ ಫೋಟೊ ಚೆನ್ನಾಗೇ ಬರುತ್ತದೆ; ಎದುರಿಗೆ ಲೈಟಿದ್ದರೆ ಮಸುಕು. ಆಲೂರು ಕಡೆಯ ಫೋಟೊಗ್ರಾಫರ್ ಒಬ್ಬರು ಕೊಳ್ಳಲು ಬರುವವರಿದ್ದರು. “ಅಣ್ಣ, ನಾನೇ ಯಾಕೆ ಹೇಳಬೇಕು? ಕೇಳಿದ್ರೆ ಹೇಳ್ತೀನಿ, ಸುಳ್ಳಂತೂ ಹೇಳಲ್ಲ” ಅಂದ.

ನಮ್ಮಲ್ಲಿ ಬಹಳ ಜನರ ವ್ಯಾಪಾರ ನಿಂತಿರುವುದೇ ಈ ವಾದದ ಮೇಲೆ. ಆದರೆ ಹಳೆ ವಸ್ತು ಕೊಳ್ಳುವವನು ಅದರ ಜೊತೆಗೆ ಮಾರುವವನ ಮಾತನ್ನೂ ಕೊಳ್ಳುತ್ತಾನೆ. ಹುಡುಗ ಧೈರ್ಯವಾಗಿ ಹಳೆಯದನ್ನು ಕೊಂಡದ್ದು, ಯಾರೋ ಬಿಚ್ಚಿ ನೋಡಿ ಇದ್ದದ್ದು ಇದ್ದಂತೆ ಹೇಳಿದ್ದರಿಂದ. ಆ ನಂಬಿಕೆ ಅವನ ಕೈಯಲ್ಲಿ ಮುರಿದರೆ, ಮುಂದಿನ ಬಡವ ಹಳೆಯದಕ್ಕೆ ಹೆದರಿ ಸಾಲಕ್ಕೇ ಹೋಗುತ್ತಾನೆ. ಕೊಳ್ಳುವವರೂ ಮದುವೆಗೆ ಹೋಗುವವರೇ. ತಾಳಿ ಕಟ್ಟುವ ಗಳಿಗೆಯ ಫೋಟೊ ಮಸುಕಾದರೆ ಅದನ್ನು ಮತ್ತೆ ತೆಗೆಯಲಾಗುವುದಿಲ್ಲ.

ಆನಂದರ ಮಾತನ್ನು ಮತ್ತೆ ನೋಡೋಣ. ಚೀವರ ಕಾಲೊರಸಾದ ಮೇಲೆ ಅದನ್ನು ಚೀವರವೆಂದು ಯಾರಿಗೂ ಕೊಡಲಿಲ್ಲ. ವಸ್ತು ಹಳತಾಗುವುದು ಅನಿತ್ಯದ ನಿಯಮ, ಅದರಲ್ಲಿ ಯಾರ ತಪ್ಪೂ ಇಲ್ಲ. ಹಳತಾಗಿಲ್ಲವೆಂದು ತೋರಿಸುವಲ್ಲಿ ತಪ್ಪು ಶುರುವಾಗುತ್ತದೆ.

ಮೊದಲ ಮೂರು ಸುಖ ನಾಲ್ಕನೆಯದರ 16ನೇ ಒಂದು ಪಾಲಿಗೂ ಸಮವಲ್ಲ ಎಂದರು ಬುದ್ಧರು. ಹಣ ಉಳಿಸಿದ್ದು ಒಳ್ಳೆಯದೇ, ಆದರೆ ಅದು ಮೂರನೆಯದು. ಲೆನ್ಸನ್ನು ಬೆಳಕಿಗೆ ಹಿಡಿದು ಕಲೆ ತೋರಿಸಿ ಮಾರುವುದು ನಾಲ್ಕನೆಯದು.

ಅವನು ತೋರಿಸಿದ. ಬೆಲೆ ನಾಲ್ಕು ಸಾವಿರ ಇಳಿಯಿತು. ಇಳಿಯಬೇಕಾದದ್ದೇ.

*ಇಂದಿನ ಅಭ್ಯಾಸ:* ಬೈಕು, ಮೊಬೈಲು, ಹಸು, ಏನನ್ನೇ ಮಾರುವಾಗಲೂ ದೋಷ ಮೊದಲು ಹೇಳೋಣ, ಬೆಲೆ ಆಮೇಲೆ.

ಎಲ್ಲ ಜೀವಿಗಳಿಗೂ ಒಳಿತಾಗಲಿ. 🪷