ಇಂದಿನ ಧಮ್ಮ ಚಿಂತನೆ: ‘ಬಾ’ ಎನ್ನುವ ಮಾತು



ಧಮ್ಮ ಬಂಧುಗಳೇ, ಕಳೆದ ಭಾನುವಾರದ ಅಧ್ಯಯನದಲ್ಲಿ ಸಮ್ಮಾ ವಾಚಾ ಬಂತು. ಸುಳ್ಳು, ಚಾಡಿ, ಬಿರುನುಡಿ, ಹುರುಳಿಲ್ಲದ ಹರಟೆ ಈ ನಾಲ್ಕನ್ನು ಬಿಡುವುದು ಎಂದು ಎಲ್ಲರೂ ಬಾಯಿಪಾಠ ಒಪ್ಪಿಸಿದೆವು. ಆಗ ಕಾಲೇಜು ಓದುವ ಒಬ್ಬ ಹುಡುಗಿ ಕೇಳಿದಳು: "ಬೈಗುಳ ಅಂದ್ರೆ ಗೊತ್ತಾಗುತ್ತೆ ಸಾರ್. ಬೈಗುಳವೇ ಇಲ್ಲದ ಮಾತು ಚುಚ್ಚಿದ್ರೆ ಅದು ಯಾವ ಲೆಕ್ಕಕ್ಕೆ?" ಅಂದು ನಾನು ಏನೋ ಹೇಳಿ ಮುಂದಕ್ಕೆ ಹೋದೆ. ನಾಲ್ಕು ದಿನದಿಂದ ಅದೇ ಕೊರೆಯುತ್ತಿದೆ.

ವಿನಯ ಪಿಟಕದಲ್ಲಿ ಭಿಕ್ಖುಗಳಿಗೆ ವಿಧಿಸಿದ ಪಾಚಿತ್ತಿಯ ನಿಯಮಗಳಲ್ಲಿ ಮೊದಲನೆಯದು ಸುಳ್ಳಿನ ಬಗ್ಗೆ. ಎರಡನೆಯದೇ ಹೀಯಾಳಿಕೆಯ ಬಗ್ಗೆ. ಅಲ್ಲಿ ಭಗವಾನರು ಒಂದು ಎತ್ತಿನ ಕತೆ ಹೇಳುತ್ತಾರೆ. ತಕ್ಕಸಿಲೆಯಲ್ಲಿ ಒಬ್ಬ ಬ್ರಾಹ್ಮಣನ ಬಳಿ ನಂದಿವಿಸಾಲ ಎಂಬ ಎತ್ತಿತ್ತು. ಸಾಹುಕಾರನ ಹತ್ತಿರ ಸಾವಿರದ ಪಣ ಕಟ್ಟು, ಒಂದಕ್ಕೊಂದು ಬಿಗಿದ ನೂರು ಗಾಡಿ ಎಳೆದು ತೋರಿಸುತ್ತೇನೆ ಎಂದು ಎತ್ತೇ ಹೇಳಿತಂತೆ. ಪಣದ ಹೊತ್ತಿಗೆ ಯಜಮಾನ ಅದನ್ನು ‘ಕೂಟ’ ಎಂದು ಕೂಗಿದ. ಕೂಟ ಎಂದರೆ ಮೋಸದ್ದು, ನಮ್ಮೂರ ಮಾತಿನಲ್ಲಿ ಕಳ್ಳೆತ್ತು. ನಂದಿವಿಸಾಲ ನಿಂತ ಜಾಗದಿಂದ ಅಲುಗಲಿಲ್ಲ. ಸಾವಿರ ಹೋಯಿತು. ಮೋಸ ಮಾಡದ ನನ್ನನ್ನು ಕೂಟ ಎಂದು ಏಕೆ ಕರೆದೆ ಎಂದು ಎತ್ತು ಕೇಳಿತು. ಮರುಸಲ ಪಣ ಎರಡು ಸಾವಿರ. ಈ ಸಲ ಯಜಮಾನ ‘ಭದ್ರ’ ಎಂದ, ಒಳ್ಳೆಯವನೇ ಎಂದು. ನೂರು ಗಾಡಿಯೂ ಉರುಳಿದವು.

ಸಿಹಿಯಾಗಿ ಮಾತಾಡಿ ಕೆಲಸ ತೆಗೆಸಿಕೊಳ್ಳಿ ಎಂಬ ನೀತಿಗೆ ಈ ಕತೆಯನ್ನು ಬಳಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಎತ್ತು ಸಿಹಿ ಮಾತು ಕೇಳಲಿಲ್ಲ. ತಾನಲ್ಲದ್ದನ್ನು ತಾನು ಎಂದದ್ದಕ್ಕೆ ಲೆಕ್ಕ ಕೇಳಿತು. ಹೀಯಾಳಿಕೆಯ ನಿಯಮ ಸುಳ್ಳಿನ ನಿಯಮದ ಪಕ್ಕದಲ್ಲೇ ಕೂತಿರುವುದು ಸುಮ್ಮನೆ ಅಲ್ಲ ಅನ್ನಿಸುತ್ತದೆ.

ಯಾವುದನ್ನು ಹಿಡಿದು ಹೀಯಾಳಿಸಬಾರದು ಎಂದು ಆ ನಿಯಮದಲ್ಲಿ ಹತ್ತು ಬಾಬತ್ತುಗಳಿವೆ. ಮೊದಲನೆಯದೇ ಜಾತಿ. ಆಮೇಲೆ ಹೆಸರು, ಗೋತ್ರ, ಕೆಲಸ, ಕಸುಬು, ಕಾಯಿಲೆ, ಹೀಗೆ. ಹುಡುಗಿಯ ಪ್ರಶ್ನೆಗೆ ಉತ್ತರ ಇದರ ಮುಂದಿದೆ: ಮೇಲು ಎನಿಸಿಕೊಂಡ ಹೆಸರಿನಿಂದ ಕರೆದರೂ, ಉದ್ದೇಶ ಹೀಯಾಳಿಸುವುದಾದರೆ ಅದೂ ತಪ್ಪೇ. ನಾನು ಗುಮಾಸ್ತನಾಗಿದ್ದ ಕಚೇರಿಯಲ್ಲಿ ಕೆಲವರು ನನ್ನನ್ನು ‘ಬನ್ನಿ ಸಾಹೇಬ್ರೇ’ ಎನ್ನುತ್ತಿದ್ದರು. ಮಾತಿನಲ್ಲಿ ಬಹುವಚನ, ತುಟಿಯಲ್ಲಿ ನಗು. ದೂರು ಬರೆಯಲು ಕೂತರೆ ಬರೆಯುವುದಕ್ಕೆ ಒಂದು ಕೆಟ್ಟ ಪದವೂ ಸಿಗುತ್ತಿರಲಿಲ್ಲ. ‘ತಮಾಷೆಗೆ ಅಂದೆ’ ಎನ್ನುವವರಿಗೂ ವಿನಯದಲ್ಲಿ ಜಾಗವಿದೆ. ತಮಾಷೆಗೆ ಅಂದರೆ ತಪ್ಪು ಚಿಕ್ಕದು, ಆದರೆ ತಪ್ಪೇ. ಅದರ ಹೆಸರು ದುಬ್ಭಾಸಿತ. ನಮ್ಮ ದೇಶದಲ್ಲಿ ಇದಕ್ಕೆ 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬರಬೇಕಾಯಿತು.

ಇನ್ನು ಏಕವಚನ. ನಮ್ಮಪ್ಪನ ಹೆಸರಿನ ಕೊನೆಗೆ ‘ಅಯ್ಯ’ ಇತ್ತು, ಅದು ಇದ್ದದ್ದು ಮತದಾರರ ಪಟ್ಟಿಯಲ್ಲಿ ಮಾತ್ರ. ಗೌಡರ ಮನೆಯ ಹತ್ತು ವರ್ಷದ ಹುಡುಗ "ಬಾರ್ಲಾ ಇಲ್ಲಿ" ಅಂದರೆ ಅಪ್ಪ ಹೆಗಲ ಮೇಲಿನ ಟವಲ್ಲು ಕಂಕುಳಿಗೆ ಇಳಿಸಿಕೊಂಡು "ಬಂದೆ ಬುದ್ದಿ" ಎನ್ನುತ್ತಿದ್ದರು. ಬುದ್ಧ ಎಂಬ ಪದವೂ ಬುದ್ಧಿ ಎಂಬ ಪದವೂ ಒಂದೇ ಧಾತುವಿನವು. ಆ ಪದವನ್ನು ನಮ್ಮ ಹಿರಿಯರ ಬಾಯಲ್ಲಿ ಯಾರಿಗೆ ಮೀಸಲು ಮಾಡಿಸಿದ್ದರು ನೋಡಿ!

ಹಾಗಂತ ಏಕವಚನವೇ ಕೆಟ್ಟದ್ದೇ? ಅವ್ವ ನನ್ನನ್ನು ಸಾಯುವತನಕ ‘ಬಾರ್ಲಾ’ ಎಂದೇ ಕರೆದಳು. ಥೇರಗಾಥೆಯಲ್ಲಿ ಸುನೀತ ಥೇರರ ಮಾತುಗಳಿವೆ. ಅವರು ಬಾಡಿದ ಹೂವು ಗುಡಿಸಿ ಹಾಕುವ ಕೆಲಸದವರು, ಜನ ಅಸಹ್ಯಪಡುತ್ತಿದ್ದ ಕೆಲಸ. ಭಗವಾನರು ಅವರಿಗೆ ‘ಏಹಿ ಭಿಕ್ಖು’ ಎಂದರು. ಬಾ ಭಿಕ್ಖು. ಅದೇ ಅವರ ಉಪಸಂಪದಾ. ‘ಏಹಿ’ ಕೂಡ ಏಕವಚನವೇ. ಆದರೆ ವಾರಾಣಸಿಯ ಶ್ರೀಮಂತ ಸೆಟ್ಟಿಯ ಮಗ ಯಸನಿಗೂ ಅವರು ಹೇಳಿದ್ದು ಅದೇ ‘ಏಹಿ’. ಗೌಡರ ಮನೆಯ ‘ಬಾ’ ನಮ್ಮ ಕೇರಿಗೆ ಮಾತ್ರ ಇತ್ತು.

ಬಾಬಾಸಾಹೇಬರು ತಮ್ಮ ಕೊನೆಯ ಗ್ರಂಥದಲ್ಲಿ, ಅವರು ತೀರಿಕೊಂಡ ಮೇಲೆ 1957ರಲ್ಲಿ ಪ್ರಕಟವಾದದ್ದರಲ್ಲಿ, ಸಮ್ಮಾ ವಾಚಾ ಬಗ್ಗೆ ಒಂದು ಗಟ್ಟಿ ಮಾತು ಹೇಳುತ್ತಾರೆ. ಅದು ಭಯದಿಂದಲೋ ಲಾಭದಿಂದಲೋ ಬರಬಾರದು, ಮೇಲಿನವರು ಏನೆಂದುಕೊಂಡಾರು ಎಂಬ ಲೆಕ್ಕ ಅದಕ್ಕಿಲ್ಲ ಎಂದು. ಅದನ್ನು ಓದುವಾಗ ನನಗೆ ಅಪ್ಪನ ಟವಲ್ಲೇ ಕಾಣುತ್ತಿತ್ತು. ಈಚೆಗೆ ನಾನೇ ಕಾಣತೊಡಗಿದ್ದೇನೆ. ನಮ್ಮ ಬೀದಿಗೆ ಬೆಳಿಗ್ಗೆ ಕಸದ ಗಾಡಿಯೊಂದಿಗೆ ಒಬ್ಬ ಹೆಣ್ಣುಮಗಳು ಬರುತ್ತಾರೆ. ಆರು ವರ್ಷದಿಂದ ನಾನು ಅವರಿಗೆ ‘ಏ, ಇಲ್ಲಿ ಬಾ, ಇದ ತಗೊ’ ಎನ್ನುತ್ತಿದ್ದೆ. ಪಕ್ಕದ ಮನೆಯ ಬ್ಯಾಂಕ್ ಮೇಡಂಗೆ ‘ಬನ್ನಿ ಮೇಡಂ’. ವಯಸ್ಸಿನಲ್ಲಿ ಇಬ್ಬರೂ ಒಂದೇ. ಅವರ ಕೇರಿಯೂ ನಮ್ಮ ಕೇರಿಯಂಥದ್ದೇ ಎಂದು ನನಗೆ ಗೊತ್ತು.

ಇವತ್ತು ಬೆಳಿಗ್ಗೆ ಗೇಟಿನ ಹತ್ತಿರ ಹೋಗಿ, "ಬನ್ನಿ ಅಮ್ಮ. ನಿಮ್ಮ ಹೆಸರೇನು?" ಎಂದು ಕೇಳಿದೆ. ಅವರು ಬಕೆಟ್ಟು ಕೆಳಗಿಟ್ಟರು. ಮುಖ ಬಿಳಿಚಿಕೊಂಡಿತು.

"ಯಾಕ್ ಸಾರ್, ಕಂಪ್ಲೇಂಟ್ ಕೊಡ್ತೀರಾ? ನಾನೇನ್ ತಪ್ಪು ಮಾಡ್ದೆ?"

ಭವತು ಸಬ್ಬ ಮಂಗಲಂ. ಜೈ ಭೀಮ್.