ಸವಾರಿಯೂ ಗಂಡಸುತನವೂ



ಮನುಷ್ಯನು ಒಂದು ವಾಹನ ಕೊಳ್ಳಲು ಹೊರಟಾಗ ಏನೆಲ್ಲ ವಿಚಾರಿಸುತ್ತಾನೆ? ಬೆಲೆ ಎಷ್ಟು, ಪೆಟ್ರೋಲ್ ಎಷ್ಟು ಕುಡಿಯುತ್ತದೆ, ಮನೆಮಂದಿಯೆಲ್ಲ ಕುಳಿತುಕೊಳ್ಳಬಹುದೇ ಎಂದು ಕೇಳುತ್ತಾನೆ. ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಇವುಗಳ ಹಿಂದೆ, ಬಾಯಿಬಿಟ್ಟು ಹೇಳದ ಇನ್ನೊಂದು ಪ್ರಶ್ನೆ ಮನಸ್ಸಿನಲ್ಲಿ ಸುಳಿದಾಡುತ್ತಿರುತ್ತದೆ: ಇದರಲ್ಲಿ ಕುಳಿತರೆ ನಾನು ಜನರ ಕಣ್ಣಿಗೆ ಹೇಗೆ ಕಂಡೇನು? ಈ ಮೌನ ಪ್ರಶ್ನೆಯ ಬಗ್ಗೆ ಇಂದು ಸ್ವಲ್ಪ ಚಿಂತಿಸೋಣ.

ಪಾಶ್ಚಾತ್ಯ ದೇಶಗಳ ಒಂದು ಉದಾಹರಣೆಯನ್ನು ನೋಡಿರಿ. 1989ರ ಫೆಬ್ರವರಿಯಲ್ಲಿ ಅಮೆರಿಕದ ಶಿಕಾಗೊ ನಗರದ ಮೋಟಾರು ಪ್ರದರ್ಶನದಲ್ಲಿ ಜಪಾನಿನ ಮಾಝ್ದಾ ಕಂಪೆನಿಯು ಎಂಎಕ್ಸ್-5 ಎಂಬ ಪುಟ್ಟ ಕಾರನ್ನು ಜನರ ಮುಂದಿಟ್ಟಿತು. ಅಮೆರಿಕದಲ್ಲಿ ಅದಕ್ಕೆ ಮಿಯಾಟ ಎಂದು ಹೆಸರು. ಎರಡೇ ಆಸನ, 1.6 ಲೀಟರಿನ ಸಣ್ಣ ಎಂಜಿನ್, ಬೇಕೆಂದಾಗ ಕೈಯಿಂದಲೇ ಹಿಂದಕ್ಕೆ ಮಡಚಿಡಬಹುದಾದ ಬಟ್ಟೆಯ ಮಾಡು. ಕುದುರೆಯೂ ಸವಾರನೂ ಒಂದೇ ಜೀವವಾಗಬೇಕು ಎಂಬುದು ಅದನ್ನು ರೂಪಿಸಿದವರ ಆಶಯವಾಗಿತ್ತು. ಜನರು ಅದನ್ನು ಬಹಳ ಮೆಚ್ಚಿದರು. 2016ರ ಎಪ್ರಿಲ್‌ನಲ್ಲಿ ಈ ಮಾದರಿಯ ಹತ್ತು ಲಕ್ಷದ ಕಾರು ಹಿರೋಶಿಮಾದ ಕಾರ್ಖಾನೆಯಿಂದ ಹೊರಬಂತು.

ಆದರೆ ಮೆಚ್ಚುಗೆಯ ಜೊತೆಜೊತೆಗೇ ಒಂದು ಗೇಲಿಯೂ ಬೆಳೆಯಿತು. ಬ್ರಿಟನ್ನಿನಲ್ಲಿ ಅದನ್ನು 'ಕ್ಷೌರಿಕರ ಕಾರು' ಎಂದು ನಕ್ಕರು. ಅಮೆರಿಕದಲ್ಲಿ 'ಹುಡುಗಿಯರ ಕಾರು' ಎಂದರು. ಗಂಡಸಾದವನು ಓಡಿಸಬೇಕಾದ ಕಾರು ಇದಲ್ಲ ಎಂಬುದು ಆ ಮಾತಿನ ಅರ್ಥ. ಹೀಗಾಗಿ ಆ ಕಾರನ್ನು ಮನಸಾರೆ ಮೆಚ್ಚಿದ ಪುರುಷನೂ ಅದನ್ನು ಕೊಳ್ಳಲು ಅಳುಕಿದನು. ಕೊಂಡವನು ಗೆಳೆಯರ ಮುಂದೆ ಸಮಜಾಯಿಷಿ ನೀಡತೊಡಗಿದನು. ಇನ್ನು ತಲೆ ನರೆತವನು ತೆರೆದ ಕಾರಿನಲ್ಲಿ ಹೊರಟರೆ, ಕಳೆದುಹೋದ ಯೌವನವನ್ನು ಹುಡುಕುತ್ತಿದ್ದಾನೆಂದು ಹಾಸ್ಯ. ಹೆಚ್ಚು ಬೆಲೆಯ ಕಾರಿನಲ್ಲಿ ಹೊರಟರೆ, ಹಣದ ಜಂಭವೆಂದು ಟೀಕೆ. ಯಾವುದರಲ್ಲಿ ಕುಳಿತರೂ ಜನರ ಬಾಯಿಯಿಂದ ಬಿಡುಗಡೆಯಿಲ್ಲ!

ಇದರಲ್ಲಿ ಇನ್ನೊಂದು ವಿಚಿತ್ರವಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿದ್ದ ಅಮೆರಿಕದ ಸೈನಿಕರು ಅಲ್ಲಿಯ ಎಂಜಿ ಎಂಬ ಪುಟ್ಟ ತೆರೆದ ಕಾರುಗಳಿಗೆ ಮನಸೋತಿದ್ದರು. ಆಗ ಅದು ಗಂಡುಗಲಿಗಳ ವಾಹನ. 1955ರಲ್ಲಿ ಅಮೆರಿಕದ ಯುವಕರ ಆರಾಧ್ಯ ನಟ ಜೇಮ್ಸ್ ಡೀನ್ ಅಪಘಾತದಲ್ಲಿ ಸತ್ತದ್ದು ಎರಡಾಸನದ ತೆರೆದ ಪೋರ್ಷೆ ಕಾರಿನಲ್ಲಿ. ಅವನಿಗೆ ಆಗ ಕೇವಲ 24 ವರ್ಷ. ಅಂದು ಇಂತಹ ಕಾರು ಪೌರುಷದ ಲಾಂಛನ. ಮೂರು ನಾಲ್ಕು ದಶಕ ಕಳೆಯುವಷ್ಟರಲ್ಲಿ ಅದೇ ಬಗೆಯ ಕಾರು ಹೆಣ್ಣಿಗನ ಲಾಂಛನವಾಯಿತು. ಬದಲಾದದ್ದು ಜನರ ಮಾತು ಮಾತ್ರ. ಗಾಳಿಗೆ ತೂಗಾಡುವ ಇಂತಹ ತಕ್ಕಡಿಯಲ್ಲಿ ತನ್ನ ಗಂಡಸುತನವನ್ನು ತೂಗಿ ನೋಡುವುದು ಬುದ್ಧಿವಂತನ ಲಕ್ಷಣವೇ?

ಇದು ಅವರ ಕಥೆ, ನಮಗೇನು ಎನ್ನಬೇಡಿ. ಹೆಂಡತಿಯ ಸ್ಕೂಟಿ ಅಂಗಳದಲ್ಲಿ ನಿಂತಿದ್ದರೂ, ಅದನ್ನೇರಿ ಪೇಟೆಗೆ ಹೋಗಲು ನಾಚುವ ಗಂಡಸರು ನಮ್ಮ ಬೀದಿಯಲ್ಲಿಲ್ಲವೇ? ಅದು ಹುಡುಗಿಯರ ಗಾಡಿಯಂತೆ! ಗಲ್ಫ್‌ನಲ್ಲಿ ದುಡಿಯುವ ನಮ್ಮ ಮಕ್ಕಳು ದುಬೈಯ ರಸ್ತೆಗಳಲ್ಲಿ ತೆರೆದ ಕಾರುಗಳ ಮೆರವಣಿಗೆಯನ್ನು ನೋಡುತ್ತಾರೆ. ಊರಿಗೆ ಬರುವಾಗ ತಾನೂ ಏನಾದರೂ ತೋರಿಸಬೇಕೆಂಬ ಆಸೆ ಚಿಗುರುತ್ತದೆ. ಬಡ್ಡಿಯ ಸಾಲದಲ್ಲಿ ದೊಡ್ಡ ಕಾರು ಅಂಗಳಕ್ಕೆ ಬರುತ್ತದೆ. ತಂಗಿಯ ಮದುವೆ ಮುಂದಕ್ಕೆ ಹೋಗುತ್ತದೆ, ತಂದೆಯ ಔಷಧಿಗೆ ಹಣ ಸಾಲುವುದಿಲ್ಲ. ಯಾವ ಬಡ್ಡಿಯ ವಿರುದ್ಧ ಅಲ್ಲಾಹನು ಮತ್ತು ಅವನ ಸಂದೇಶವಾಹಕರು ಸಮರ ಸಾರಿರುವರೆಂದು ಕುರ್‌ಆನ್ ಎಚ್ಚರಿಸಿದೆಯೋ, ಅದನ್ನು ಕೇವಲ ನೆರೆಯವರ ಒಂದು ನೋಟಕ್ಕಾಗಿ ಮನೆಯೊಳಗೆ ಬಿಟ್ಟುಕೊಂಡದ್ದಾಯಿತು.

ಸಹೋದರರೇ, ಸಣ್ಣ ಗಾಡಿಗೆ ನಾಚುವವನೂ ದೊಡ್ಡ ಗಾಡಿಯಲ್ಲಿ ಬೀಗುವವನೂ ಪರಸ್ಪರ ವಿರುದ್ಧವಾಗಿ ಕಾಣುತ್ತಾರೆ. ನಿಜವಾಗಿ ಇಬ್ಬರದೂ ಒಂದೇ ರೋಗ. ಇಬ್ಬರೂ ತಮ್ಮ ಬೆಲೆ ಕಟ್ಟುವ ಅಧಿಕಾರವನ್ನು ದಾರಿಹೋಕರ ಕೈಗೆ ಕೊಟ್ಟಿದ್ದಾರೆ. ದಿನಕ್ಕೆ ಐದು ಬಾರಿ ಅಲ್ಲಾಹನ ಮುಂದೆ ಮಾತ್ರ ಹಣೆ ಊರುವವನು, ಮಸೀದಿಯಿಂದ ಹೊರಬಂದೊಡನೆ ಜನರ ಕಣ್ಣಿನ ಗುಲಾಮನಾಗುವುದೆಂದರೇನು?

ಇಸ್ಲಾಮ್ ಒಳ್ಳೆಯ ವಾಹನವನ್ನು ವಿರೋಧಿಸುವುದಿಲ್ಲ. ಅನ್ನಹ್ಲ್ ಅಧ್ಯಾಯದಲ್ಲಿ ಅಲ್ಲಾಹನು ಕುದುರೆ, ಹೇಸರಗತ್ತೆ ಮತ್ತು ಕತ್ತೆಗಳನ್ನು ಸವಾರಿಗಾಗಿಯೂ ಅಲಂಕಾರವಾಗಿಯೂ ಸೃಷ್ಟಿಸಿದ್ದನ್ನು ತನ್ನ ಅನುಗ್ರಹಗಳ ಸಾಲಿನಲ್ಲಿ ನೆನಪಿಸುತ್ತಾನೆ. ಅಂದರೆ ಸವಾರಿಯಲ್ಲಿ ಸೊಬಗೂ ಇದೆ, ಅದನ್ನು ಅನುಭವಿಸುವುದು ತಪ್ಪಲ್ಲ. ಪ್ರವಾದಿವರ್ಯರು(ಸ) ಮದೀನದಲ್ಲಿ ಕುದುರೆ ಓಟಗಳನ್ನು ಏರ್ಪಡಿಸಿದ್ದರು. ಹಾಗಾದರೆ ತಪ್ಪು ಎಲ್ಲಿದೆ?

ಇದಕ್ಕೆ ಉತ್ತರವನ್ನು ಪ್ರವಾದಿವರ್ಯರೇ(ಸ) ನೀಡಿದ್ದಾರೆ. ಕುದುರೆಯು ಮೂರು ಬಗೆಯ ಜನರಿಗೆ ಮೂರು ಬಗೆಯದಾಗುತ್ತದೆಂದು ಅವರು ವಿವರಿಸಿದರು. ಅಲ್ಲಾಹನ ಮಾರ್ಗಕ್ಕಾಗಿ ಅದನ್ನು ಸಾಕಿದವನಿಗೆ ಅದು ಪುಣ್ಯ. ಪರರ ಮುಂದೆ ಕೈಚಾಚದೆ ಬಾಳಲೆಂದು ಸಾಕಿ, ಅದರಲ್ಲಿ ಅಲ್ಲಾಹನ ಹಕ್ಕನ್ನು ಮರೆಯದವನಿಗೆ ಅದು ಆಸರೆ. ಹೆಮ್ಮೆಗಾಗಿ, ತೋರಿಕೆಗಾಗಿ ಸಾಕಿದವನಿಗೆ ಅದು ಪಾಪದ ಹೊರೆ. ಪ್ರಾಣಿ ಒಂದೇ, ನಾಲ್ಕು ಕಾಲುಗಳೂ ಒಂದೇ. ಸವಾರನ ಮನಸ್ಸು ಮಾತ್ರ ಬೇರೆ ಬೇರೆ. ಆಗ ಕತ್ತೆಗಳ ವಿಷಯವೇನೆಂದು ಅವರಲ್ಲಿ ಕೇಳಲಾಯಿತು. ಅದಕ್ಕೆ ಅವರು, ಅಣುವಿನಷ್ಟು ಒಳಿತನ್ನೂ ಅಣುವಿನಷ್ಟು ಕೆಡುಕನ್ನೂ ಮನುಷ್ಯನು ಕಾಣಲಿದ್ದಾನೆ ಎಂದು ಸಾರುವ ಸೂಕ್ತವನ್ನು ಓದಿದರು. ಇಂದಿನ ಕಾರುಗಳ ಬಗ್ಗೆಯೂ ಆ ಸೂಕ್ತವೇ ಸಾಕು.

ಪ್ರವಾದಿವರ್ಯರಿಗೆ(ಸ) ಅದ್‌ಬಾ ಎಂಬ ಒಂದು ಹೆಣ್ಣೊಂಟೆ ಇತ್ತು. ಓಟದಲ್ಲಿ ಅದನ್ನು ಯಾವ ಒಂಟೆಯೂ ಹಿಂದಿಕ್ಕುತ್ತಿರಲಿಲ್ಲ. ಒಂದು ದಿನ ಒಬ್ಬ ಬದವಿಯು ತನ್ನ ಎಳೆಯ ಒಂಟೆಯನ್ನೇರಿ ಬಂದು ಅದನ್ನು ಹಿಂದಿಕ್ಕಿಬಿಟ್ಟನು. ಸಹಾಬಿಗಳಿಗೆ ಬಹಳ ನೋವಾಯಿತು. ಅವರ ಮುಖದಲ್ಲಿ ಆ ನೋವನ್ನು ಕಂಡ ಪ್ರವಾದಿವರ್ಯರು(ಸ), ಈ ಲೋಕದಲ್ಲಿ ಮೇಲೇರಿದ ಯಾವುದನ್ನೇ ಆಗಲಿ ಕೆಳಗಿಳಿಸುವುದು ಅಲ್ಲಾಹನ ಕ್ರಮವೆಂದು ಅವರಿಗೆ ತಿಳಿಹೇಳಿದರು. ನೋಡಿರಿ, ಸೋತದ್ದು ಅವರದೇ ಒಂಟೆ, ಆದರೆ ಅವರ ಮನಸ್ಸಿನಲ್ಲಿ ಒಂದು ಗೆರೆಯೂ ಬೀಳಲಿಲ್ಲ. ಅದೇ ಪ್ರವಾದಿಯವರು(ಸ) ಮುಆದ್ ಬಿನ್ ಜಬಲ್‌ರನ್ನು(ರ) ಹಿಂದೆ ಕುಳ್ಳಿರಿಸಿಕೊಂಡು ಕತ್ತೆಯ ಮೇಲೂ ಸವಾರಿ ಮಾಡಿದರು. ಅವರ ಗೌರವವು ವಾಹನದಿಂದ ಬಂದದ್ದಲ್ಲ. ಆದ್ದರಿಂದ ವಾಹನದಿಂದ ಹೋಗುವಂಥದ್ದೂ ಆಗಿರಲಿಲ್ಲ.

ಖಲೀಫಾ ಉಮರ್(ರ) ಶಾಮ್ ನಾಡಿಗೆ ಬಂದಾಗಿನ ಘಟನೆಯೊಂದನ್ನು ಚರಿತ್ರೆಕಾರರು ದಾಖಲಿಸಿದ್ದಾರೆ. ಅವರನ್ನು ಒಂದು ಅಂದದ ಕುದುರೆಯ ಮೇಲೆ ಕುಳ್ಳಿರಿಸಲಾಯಿತು. ಅದು ಬಿಂಕದಿಂದ ಕುಣಿಯುತ್ತಾ ಹೆಜ್ಜೆ ಹಾಕತೊಡಗಿತು. ತನ್ನ ಮನಸ್ಸಿನಲ್ಲೂ ಏನೋ ಬದಲಾಗುತ್ತಿರುವುದನ್ನು ಅರಿತ ಉಮರ್(ರ) ಕೂಡಲೇ ಇಳಿದು ತನ್ನ ಹಳೆಯ ಸವಾರಿಯನ್ನೇ ಕೇಳಿ ಪಡೆದರು. ಆ ಧೀರ ಪುರುಷನಿಗೇ ತನ್ನ ಮನಸ್ಸಿನ ಬಗ್ಗೆ ಇಷ್ಟು ಭಯವಿದ್ದರೆ, ನಮಗೆ ಎಷ್ಟಿರಬೇಕು?

ಇಲ್ಲಿ ಕೆಲವರು ಕೇಳಬಹುದು: ಪುರುಷರು ಸ್ತ್ರೀಯರನ್ನು ಅನುಕರಿಸುವುದನ್ನು ಇಸ್ಲಾಮ್ ನಿಷೇಧಿಸಿಲ್ಲವೇ? ಹೌದು, ನಿಷೇಧಿಸಿದೆ. ಅದು ಸ್ತ್ರೀಯರಿಗೇ ವಿಶಿಷ್ಟವಾದ ಉಡುಗೆ, ಹಾವಭಾವಗಳ ವಿಷಯ. ವಾಹನಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. ಒಂಟೆಯೇರುವ ಅರಬ್ ಮಹಿಳೆಯರಲ್ಲಿ ಕುರೈಶ್ ಮಹಿಳೆಯರನ್ನು ಪ್ರವಾದಿವರ್ಯರು(ಸ) ಶ್ಲಾಘಿಸಿದ್ದರು. ಹಾಗೆಂದು ಒಂಟೆಯು 'ಹುಡುಗಿಯರ ಗಾಡಿ'ಯಾಗಲಿಲ್ಲ, ಅದನ್ನೇರಲು ಯಾವ ಸಹಾಬಿಯೂ ನಾಚಲಿಲ್ಲ.

ಗೇಲಿ ಮಾಡುವವರಿಗೂ ಒಂದು ಮಾತಿದೆ. ಅಲ್‌ಹುಜುರಾತ್ ಅಧ್ಯಾಯವು ಪರಸ್ಪರ ಪರಿಹಾಸ್ಯ ಮಾಡುವುದನ್ನೂ ಅಡ್ಡಹೆಸರಿನಿಂದ ಕರೆಯುವುದನ್ನೂ ತಡೆದಿದೆ. 'ಕ್ಷೌರಿಕರ ಕಾರು' ಎಂಬ ಒಂದೇ ಮಾತಿನಲ್ಲಿ ಎಷ್ಟು ಮಂದಿಗೆ ಅವಮಾನ! ಕಾರಿನವನಿಗೆ, ದುಡಿದು ತಿನ್ನುವ ಕ್ಷೌರಿಕನಿಗೆ, ಜೊತೆಗೆ ಹೆಣ್ಣೆಂಬ ಹೆಸರಿಗೇ. ವಿದಾಯ ಹಜ್ಜ್‌ನಲ್ಲಿ ಪ್ರವಾದಿವರ್ಯರು(ಸ) ಮಿನಾದಲ್ಲಿ ಕ್ಷೌರಿಕನಿಗೆ ತಲೆಯೊಡ್ಡಿ ಕುಳಿತಿದ್ದರೆಂಬುದನ್ನು ನೆನಪಿಡಿ. ನಮ್ಮ ನಡುವೆಯೂ ಆ ವೃತ್ತಿಯ ಮನೆತನದೊಂದಿಗೆ ಸಂಬಂಧ ಬೆಳೆಸಲು ಹಿಂಜರಿಯುವವರಿದ್ದಾರೆ. ಅವರು ಈ ವಿಷಯದಲ್ಲಿ ಬ್ರಿಟನ್ನಿನವರನ್ನು ದೂರಿ ಪ್ರಯೋಜನವಿಲ್ಲ.

ಹಾಗಾದರೆ ಗಂಡಸು ಯಾರು? ಕುರ್‌ಆನ್ ಪುರುಷರೆಂದು ಮೆಚ್ಚಿ ಕರೆದವರನ್ನು ಗಮನಿಸಿರಿ. ಅನ್ನೂರ್ ಅಧ್ಯಾಯದ ಪುರುಷರು, ವ್ಯಾಪಾರವಾಗಲಿ ಕೊಡುಕೊಳ್ಳುವಿಕೆಯಾಗಲಿ ಅಲ್ಲಾಹನ ಸ್ಮರಣೆಯಿಂದ, ನಮಾಝ್ ಮತ್ತು ಝಕಾತ್‌ನಿಂದ ವಿಮುಖಗೊಳಿಸದವರು. ಅಲ್‌ಅಹ್‌ಝಾಬ್ ಅಧ್ಯಾಯದ ಪುರುಷರು, ಅಲ್ಲಾಹನಿಗೆ ಕೊಟ್ಟ ಮಾತನ್ನು ನಿಜಗೊಳಿಸಿದವರು. ಎಲ್ಲಿಯೂ ಅವರ ಸವಾರಿಯ ಪ್ರಸ್ತಾಪವಿಲ್ಲ. ಜಟ್ಟಿಯಲ್ಲ, ಸಿಟ್ಟು ಬಂದಾಗ ತನ್ನನ್ನು ಹಿಡಿದಿಡುವವನೇ ಬಲಶಾಲಿಯೆಂದು ಪ್ರವಾದಿವರ್ಯರು(ಸ) ಕಲಿಸಿದರು. ಹಿಂದಿನಿಂದ ಬಂದವನು ದಾಟಿಹೋದಾಗ ಉರಿದೆದ್ದು ಬೆನ್ನಟ್ಟುವ ಚಾಲಕನು ಈ ಮಾತನ್ನು ಸ್ಟೀರಿಂಗಿನ ಮುಂದೆ ನೆನಪಿಟ್ಟರೆ ಎಷ್ಟೋ ತಾಯಂದಿರ ಕಣ್ಣೀರು ಉಳಿದೀತು. ಮನೆಯಲ್ಲಿ ಪ್ರವಾದಿವರ್ಯರು(ಸ) ಏನು ಮಾಡುತ್ತಿದ್ದರೆಂದು ಕೇಳಿದಾಗ, ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಝಿನ ಹೊತ್ತಾದಾಗ ಹೊರಡುತ್ತಿದ್ದರು ಎಂದು ಹ. ಆಯಿಶಾ(ರ) ತಿಳಿಸಿದರು. ಇದಕ್ಕಿಂತ ದೊಡ್ಡ ಗಂಡಸುತನ ಯಾವುದಿದೆ?

ಆದ್ದರಿಂದ ಓದುಗರೇ, ವಾಹನ ಕೊಳ್ಳುವಾಗ ಈ ಮೂರನ್ನು ನಿಮ್ಮಲ್ಲೇ ಕೇಳಿಕೊಳ್ಳಿರಿ. ಇದರ ಹಣ ಹಲಾಲ್ ಆಗಿದೆಯೇ? ಇದಕ್ಕಾಗಿ ಯಾರ ಹಕ್ಕನ್ನಾದರೂ ತಡೆದಿದ್ದೇನೆಯೇ? ಯಾರೂ ನೋಡದ ದಾರಿಯಲ್ಲಿ ಓಡಿಸುವುದಾದರೂ ನನಗೆ ಇದೇ ಬೇಕೇ? ಮೂರಕ್ಕೂ ಸಮಾಧಾನದ ಉತ್ತರ ಸಿಕ್ಕಿದರೆ ಬಿಸ್ಮಿಲ್ಲಾ ಎಂದು ಹತ್ತಿರಿ. ಅದು ಪುಟ್ಟದಿರಲಿ, ತೆರೆದದ್ದಿರಲಿ, ಹೆಂಡತಿಯ ಸ್ಕೂಟಿಯೇ ಇರಲಿ, ನಗುವವರು ನಗಲಿ. ಉತ್ತರ ಸಿಗದಿದ್ದರೆ ಉಮರ್‌ರಂತೆ(ರ) ಇಳಿದುಬಿಡಿ. ಇಳಿಯುವುದಕ್ಕೂ ಗಂಡಸುತನ ಬೇಕು.

ವಾಹನವನ್ನೇರುವಾಗ ಓದಲು ಕುರ್‌ಆನ್ ನಮಗೆ ಕಲಿಸಿದ ಪ್ರಾರ್ಥನೆಯು, ಇದನ್ನು ಅಧೀನಗೊಳಿಸಿಕೊಟ್ಟವನನ್ನು ಕೊಂಡಾಡಿ, ನಾವು ಅವನೆಡೆಗೇ ಮರಳುವವರೆಂಬ ನೆನಪಿನೊಂದಿಗೆ ಮುಗಿಯುತ್ತದೆ. ಒಂದು ದಿನ ನಮ್ಮನ್ನು ನಾಲ್ವರು ಹೆಗಲ ಮೇಲೆ ಒಯ್ಯುವರು. ಅಂದು ನಮ್ಮ ಕಾರು ಯಾವುದಿತ್ತೆಂದು ಖಬರ್‌ನಲ್ಲಿ ಯಾರೂ ಕೇಳಲಾರರು.

ಅಲ್ಲಾಹನು ನಮ್ಮ ಹೃದಯಗಳನ್ನು ತೋರಿಕೆಯಿಂದಲೂ ಅಹಂಕಾರದಿಂದಲೂ ಜನರ ಮಾತಿನ ಭಯದಿಂದಲೂ ಬಿಡುಗಡೆಗೊಳಿಸಲಿ. ನಮ್ಮ ಯುವಕರ ಪಯಣವನ್ನು ಸುರಕ್ಷಿತಗೊಳಿಸಲಿ. ಆಮೀನ್.