ಚಾರಿಟಿ ಎಂಬ ಮಾತೂ ಪ್ರೀತಿ ಎಂಬ ಮಾತೂ

(1 ಕೊರಿಂಥ 13:3)

ಸುಗ್ಗಿಯ ಕಾಲದಲ್ಲಿ ನಾವು ಒಂದು ಹಳ್ಳಿಯ ಸಭೆಯನ್ನು ನೋಡುವದಕ್ಕೆ ಹೋಗಿದ್ದಾಗ, ಪಟ್ಟಣದ ಹೈಸ್ಕೂಲಿನಲ್ಲಿ ಓದುವ ಒಬ್ಬ ಹುಡುಗನು ತನ್ನ ತಾತನ ಪೆಟ್ಟಿಗೆಯಲ್ಲಿದ್ದ ಹಳೇ ಇಂಗ್ಲಿಷ್ ಸತ್ಯವೇದವನ್ನು ತಂದು, “ಅಯ್ಯನವರೇ, ಇದರಲ್ಲಿ ಏನೋ ತಪ್ಪು ಅಚ್ಚಾಗಿದೆ” ಎಂದನು. ಒಬ್ಬನು ತನ್ನ ಆಸ್ತಿಯನ್ನೆಲ್ಲಾ ಬಡವರಿಗೆ ಹಂಚಿಬಿಟ್ಟರೂ ಅವನಲ್ಲಿ ‘ಚಾರಿಟಿ’ ಇಲ್ಲದಿದ್ದರೆ ಎಲ್ಲವೂ ವ್ಯರ್ಥವೇ ಎಂದು ಪೌಲನು ಹೇಳುವ ವಚನವನ್ನು ತೋರಿಸಿದನು. “ಚಾರಿಟಿ ಅಂದರೆ ಬಡವರಿಗೆ ಕೊಡುವದೆಂದು ನಮ್ಮ ಮೇಷ್ಟರು ಹೇಳಿದ್ದಾರೆ. ಇದ್ದದ್ದನ್ನೆಲ್ಲಾ ಕೊಟ್ಟವನಲ್ಲಿ ಚಾರಿಟಿ ಇಲ್ಲವೆಂದರೆ ಹೇಗೆ?” ಎಂದು ಕೇಳಿದನು. ಅಲ್ಲಿದ್ದ ಸಭೆಯ ಹಿರಿಯರು ನಕ್ಕರು. ನಾವು ನಗಲಿಲ್ಲ.

ಹುಡುಗನ ಸಂದೇಹವು ನ್ಯಾಯವಾದದ್ದೇ. ಮೇಷ್ಟರು ಹೇಳಿದ್ದು ಸುಳ್ಳಲ್ಲ, ಅಚ್ಚಿನಲ್ಲಿಯೂ ತಪ್ಪಿಲ್ಲ. ಒಂದು ಮಾತು ಬಹುಕಾಲ ಜನರ ಬಾಯಲ್ಲಿ ತಿರುಗಿ ಸವೆದುಹೋದದ್ದರಿಂದ ಈ ತೊಡಕು ಉಂಟಾಯಿತು. ಹೇಗಂದರೆ, ಪೌಲನು ಗ್ರೀಕ್ ಭಾಷೆಯಲ್ಲಿ ಬರೆದ ಮಾತು ಅಗಾಪೆ. ಲತೀನ್ ಸತ್ಯವೇದದಲ್ಲಿ ಅದು ಕಾರಿತಾಸ್ ಆಯಿತು. ಇದಕ್ಕೆ ಮೂಲವಾದ ಕಾರುಸ್ ಎಂಬ ಮಾತಿಗೆ ಬೆಲೆ ಹೆಚ್ಚಾದದ್ದು ಎಂದೂ, ಅಕ್ಕರೆಯುಳ್ಳದ್ದು ಎಂದೂ ಎರಡರ್ಥಗಳುಂಟು. ಹಾಗಾದರೆ ಎದುರಿಗಿರುವ ಮನುಷ್ಯನನ್ನು ಬೆಲೆಯುಳ್ಳವನೆಂದು ಎಣಿಸುವದೇ ಕಾರಿತಾಸ್. ಅದೇ ಮಾತು ಫ್ರೆಂಚರ ಬಾಯಿಂದ ಇಂಗ್ಲಿಷರ ಬಾಯಿಗೆ ಬಂದು ಚಾರಿಟಿ ಎನಿಸಿಕೊಂಡಿತು. ಪ್ರೀತಿಯಿಂದ ಕೊಟ್ಟ ದಾನಕ್ಕೂ ಆ ಹೆಸರೇ ಬಿದ್ದು, ಬರಬರುತ್ತಾ ಪ್ರೀತಿಯು ಜಾರಿಹೋಗಿ ದಾನವು ಮಾತ್ರ ಉಳಿಯಿತು.

ಇದನ್ನು ಮುಂಚೆಯೇ ಕಂಡವನು ವಿಲ್ಯಮ್ ಟಿಂಡೇಲನು. 1526ರಲ್ಲಿ ಜರ್ಮನಿಯ ವೊರ್ಮ್ಸ್ ಪಟ್ಟಣದಲ್ಲಿ ಅಚ್ಚಾದ ತನ್ನ ಇಂಗ್ಲಿಷ್ ಹೊಸ ಒಡಂಬಡಿಕೆಯಲ್ಲಿ ಅವನು ಈ ಅಧ್ಯಾಯಕ್ಕೆ ‘ಚಾರಿಟಿ’ಯನ್ನು ಬಿಟ್ಟು ‘ಲವ್’ ಎಂಬ ಮನೆಮಾತನ್ನು ಹಾಕಿದನು. ಮಹಾ ವಿದ್ವಾಂಸನಾದ ಥಾಮಸ್ ಮೋರನು 1529ರಲ್ಲಿ ಅವನ ಮೇಲೆ ಪುಸ್ತಕವನ್ನೇ ಬರೆದು, ಲವ್ ಎಂಬದು ಒಳ್ಳೆಯ ಪ್ರೀತಿಗೂ ಕೆಟ್ಟ ಪ್ರೀತಿಗೂ ಸಲ್ಲುವ ಮಾತು, ಪರಿಶುದ್ಧವಾದ ಪ್ರೀತಿಗೆ ಚಾರಿಟಿ ಎಂದೇ ಹೇಳಬೇಕು ಎಂದು ವಾದಿಸಿದನು. ಟಿಂಡೇಲನು 1531ರಲ್ಲಿ ಉತ್ತರ ಕೊಟ್ಟು, ಜನರು ಭಿಕ್ಷೆ ಬೇಡುವಾಗ ಚಾರಿಟಿಯ ಹೆಸರೆತ್ತುತ್ತಾರೆ, ಆದರೆ ಪೌಲನು ಹೇಳಿದ ಅರ್ಥವು ಆ ಮಾತಿನಲ್ಲಿ ಅವರಿಗೆ ತಿಳಿಯುವದಿಲ್ಲ ಎಂದನು. ಮೋರನ ಆಕ್ಷೇಪಣೆಯನ್ನು ನಾವು ಹಗುರವಾಗಿ ತಳ್ಳಿಬಿಡಲಾರೆವು. ಯಾಕಂದರೆ ನಮ್ಮಲ್ಲಿಯೂ ಹೋಳಿಗೆಯ ಮೇಲೆ ಪ್ರೀತಿ, ಎತ್ತಿನ ಮೇಲೆ ಪ್ರೀತಿ, ಹೆಂಡದ ಮೇಲೂ ಪ್ರೀತಿ ಎನ್ನುತ್ತೇವಲ್ಲಾ. ಆದರೂ ನೇಗಿಲು ಹಿಡಿಯುವವನಿಗೂ ವೇದವು ತಿಳಿಯಬೇಕೆಂದಿದ್ದವನು ಸಣ್ಣ ಮಾತನ್ನೇ ಆರಿಸಿಕೊಂಡನು. ಮೋರನು 1535ರಲ್ಲಿಯೂ ಟಿಂಡೇಲನು 1536ರಲ್ಲಿಯೂ ತಮ್ಮ ತಮ್ಮ ನಂಬಿಕೆಗಾಗಿ ಪ್ರಾಣಗಳನ್ನು ಕೊಟ್ಟರು.

1601ರಲ್ಲಿ ಇಂಗ್ಲೆಂಡಿನ ರಾಣಿ ಎಲಿಜಬೇತಳ ಕಾಲದಲ್ಲಿ ಚಾರಿಟಿಯ ಆಸ್ತಿಗಳ ವಿಷಯವಾಗಿ ಒಂದು ಕಾನೂನು ಹುಟ್ಟಿತು. ಮುದುಕರ, ದರಿದ್ರರ ಪೋಷಣೆ ಮಾತ್ರವಲ್ಲದೆ ಸೇತುವೆಗಳ ದುರಸ್ತಿಯೂ ಅದರ ಪಟ್ಟಿಯಲ್ಲಿ ಸೇರಿತ್ತು. ಸೇತುವೆಯು ಬೇಕಾದದ್ದೇ, ಆದರೆ ಅದನ್ನು ಕಟ್ಟಿಸುವದಕ್ಕೆ ಹೃದಯವೇ ಬೇಕೆಂದಿಲ್ಲ, ಹಣವಿದ್ದರೆ ಸಾಕು. ಇದಾದ ಹತ್ತು ವರುಷಕ್ಕೆ, 1611ರಲ್ಲಿ, ಅರಸನಾದ ಜೇಮ್ಸನ ಅಪ್ಪಣೆಯಿಂದ ಸಿದ್ಧವಾದ ಸತ್ಯವೇದದಲ್ಲಿ ಈ ಅಧ್ಯಾಯಕ್ಕೆ ಚಾರಿಟಿಯೇ ತಿರುಗಿ ಬಂತು. ಹುಡುಗನ ಕೈಯಲ್ಲಿದ್ದದ್ದು ಇದೇ. ಆದರೆ ದೇವರ ಸ್ವಭಾವವು ಪ್ರೀತಿಯೇ ಎಂದು ಯೋಹಾನನು ಬರೆದ ಸ್ಥಳದಲ್ಲಿ, ಗ್ರೀಕಿನ ಮಾತು ಅದೇ ಆಗಿದ್ದರೂ, ಆ ಪುಸ್ತಕವು ‘ಲವ್’ ಎಂದಿತು. ಇದರಿಂದ, ದೇವರಲ್ಲಿರುವದೂ ನಮ್ಮಲ್ಲಿರಬೇಕಾದದ್ದೂ ಒಂದೇ ಎಂಬದು ಓದುವವನ ಕಣ್ಣಿಗೆ ಮರೆಯಾಯಿತು. 1881ರ ಪರಿಷ್ಕರಣದಲ್ಲಿ ಇಲ್ಲಿಯೂ ‘ಲವ್’ ಎಂದು ತಿದ್ದಿದರು. ನಮ್ಮ ಕನ್ನಡ ಸತ್ಯವೇದದಲ್ಲಿ ಎರಡು ಕಡೆಯಲ್ಲಿಯೂ ಪ್ರೀತಿಯೆಂದೇ ಓದುತ್ತೇವೆ.

ಆದರೆ, ಪ್ರಿಯರೇ, ಪುಸ್ತಕದಲ್ಲಿ ಮಾತು ಸರಿಯಾಗಿದ್ದರೆ ಸಾಕೋ? ಪ್ರೀತಿಯ ಲಕ್ಷಣಗಳನ್ನು ಪೌಲನು ಆ ಅಧ್ಯಾಯದ 4ನೆಯ ವಚನದಿಂದ ಮುಂದಕ್ಕೆ ಎಣಿಸುತ್ತಾ ಹೋಗುವದನ್ನು ನೋಡಿರಿ. ತಾಳ್ಮೆಯುಂಟು, ದಯೆಯುಂಟು, ಹೊಟ್ಟೆಕಿಚ್ಚಿಲ್ಲ, ಜಂಬವಿಲ್ಲ. ಕಾಸಿನ ಸುದ್ದಿಯೇ ಇಲ್ಲ. ನಮ್ಮ ನಾಡಿನಲ್ಲಿ ಭಿಕ್ಷೆ ಎಂದಾಗ ಒಂದು ಕೈ ಮೇಲೆ, ಒಂದು ಕೈ ಕೆಳಗೆ. ದಾನ ಎಂದಾಗ ಕೊಟ್ಟವನ ಹೆಸರು ಕಲ್ಲಿನ ಮೇಲೆ ನಿಲ್ಲುತ್ತದೆ. ಧರ್ಮ ಎಂಬ ದೊಡ್ಡ ಮಾತು ಕೂಡ ಬೀದಿಗೆ ಬಂದು “ಧರ್ಮಾ ಮಾಡಿ ತಾಯೀ” ಎಂಬ ಕೂಗಾಗಿ ಹೋಯಿತು. ಕನಿಕರದಲ್ಲಿ ಕರುಳು ಕರಗುತ್ತದೆ, ಇದು ನಿಜ. ಆದರೂ ಕನಿಕರಪಡುವವನು ನಿಂತೇ ಇರಬಹುದು. ಪ್ರೀತಿಸುವವನಾದರೋ ಕೂತುಕೊಳ್ಳಬೇಕು. ಮೊದಲಿನ ಕ್ರೈಸ್ತರು ಒಟ್ಟಿಗೆ ಕೂತು ಉಣ್ಣುತ್ತಿದ್ದ ಊಟಕ್ಕೇ ಅಗಾಪೆ ಎಂಬ ಹೆಸರಿತ್ತು. ಯೂದನ ಪತ್ರಿಕೆಯ 12ನೆಯ ವಚನದಲ್ಲಿ ಅದನ್ನು ಕಾಣುತ್ತೇವೆ. ಕೊರಿಂಥದವರು ಕೆಟ್ಟದ್ದು ಅಲ್ಲಿಯೇ. ಸಭೆ ಕೂಡಿದಾಗ ಉಳ್ಳವರು ಮುಂಚೆ ಉಂಡು ಕುಡಿದು ಮತ್ತರಾದರು, ಇಲ್ಲದವರು ಹಸಿದುಕೊಂಡು ನೋಡುತ್ತಿದ್ದರು.

ಈ ಮಾತುಗಳನ್ನು ನಾವು ಹುಡುಗನಿಗೆ ಹೇಳಿ ಮುಗಿಸಿದಾಗ ಹಿರಿಯರು, “ನಮ್ಮ ಸಭೆಯಲ್ಲಿ ಹಾಗಿಲ್ಲ, ಅಯ್ಯನವರೇ. ಕಾಣಿಕೆಯ ಕಾಳಿನಲ್ಲಿ ಒಬ್ಬ ವಿಧವೆಗೆ ತಿಂಗಳು ತಿಂಗಳೂ ರಾಗಿ ಕೊಡುತ್ತೇವೆ” ಎಂದರು. ನಮಗೆ ಸಂತೋಷವಾಯಿತು. ಆಕೆಯನ್ನು ನೋಡಬೇಕೆಂದು ಮೂವರೂ ಹೊರಟೆವು. ಆಕೆಯ ಗುಡಿಸಲು ಊರ ಕೊನೆಯಲ್ಲಿತ್ತು. ಕ್ರಿಸ್ತನ ಬಳಿಗೆ ಬರುವದಕ್ಕಿಂತ ಮುಂಚೆ ಆಕೆಯ ಕುಲದವರೂ ಸಭೆಯ ಉಳಿದವರ ಕುಲದವರೂ ಒಬ್ಬರ ಮನೆಯಲ್ಲಿ ಒಬ್ಬರು ನೀರು ಮುಟ್ಟಿದವರಲ್ಲ. ರಾಗಿ ಸರಿಯಾಗಿ ಬರುತ್ತದೋ, ತಾಯೀ, ಎಂದು ಕೇಳಿದೆವು. “ಬರ್ತದೆ ಅಯ್ಯನವರೇ, ಒಂದು ತಿಂಗಳೂ ತಪ್ಪಿಲ್ಲ, ದೇವರು ಅವರನ್ನ ಚೆನ್ನಾಗಿಟ್ಟಿರಲಿ. ಬಾಗಿಲಾಚೆ ಇಟ್ಟು ಕೂಗಿ ಹೋಗ್ತಾರೆ. ನಾನು ದೀಕ್ಷಾಸ್ನಾನ ತಕ್ಕೊಂಡಾಗಿಂದ ಒಬ್ಬರಾದರೂ ಒಳಕ್ಕೆ ಬಂದು ಒಂದು ಚೆಂಬು ನೀರು ಕೊಡವ್ವಾ ಅಂತ ಕೇಳಿಲ್ಲ” ಎಂದಳು. ಆಕೆ ದೂರುವ ಸ್ವರದಿಂದ ಹೇಳಲಿಲ್ಲ. ಮಳೆ ಬರಲಿಲ್ಲ ಎಂಬ ಹಾಗೆ ಹೇಳಿದಳು.

ಆಗ ನಮ್ಮ ನೆನಪಿಗೆ ಬಂದದ್ದು ಸಮಾರ್ಯದ ಬಾವಿ. ಕರ್ತನು ಆ ಸ್ತ್ರೀಗೆ ಮೊದಲು ಏನನ್ನೂ ಕೊಡಲಿಲ್ಲ. ಆಕೆಯಿಂದ ನೀರನ್ನು ಕೇಳಿದನು. ಯೆಹೂದ್ಯನು ಸಮಾರ್ಯದವಳ ಕೈಯಿಂದ ನೀರು ಕೇಳುವದುಂಟೇ ಎಂದು ಆಕೆಯೇ ಬೆರಗಾದಳು. ಜೀವಕರವಾದ ನೀರಿನ ಮಾತು ಬಂದದ್ದು ಆಮೇಲೆ. ಕೊಡುವದರಲ್ಲಿ ನಾವು ದೊಡ್ಡವರಾಗಿ ಉಳಿಯಬಹುದು. ಕೇಳಿ ತೆಗೆದುಕೊಳ್ಳುವಾಗ ಎದುರಿನವರಿಗೂ ಬೆಲೆ ಬರುತ್ತದೆ. ಲತೀನಿನ ಆ ಹಳೇ ಮಾತಿನೊಳಗೆ ಇದ್ದದ್ದೂ ಈ ಬೆಲೆಯೇ.

ನಾವು ಒಳಗೆ ಕೂತು ನೀರು ಕೇಳಿದೆವು. ಆಕೆ ಚೆಂಬನ್ನು ಮೂರು ಸಾರಿ ಬೆಳಗಿ ತಂದಳು. ನಾವು ಕುಡಿದೆವು, ಹುಡುಗನೂ ಕುಡಿದನು. ಹಿರಿಯರು ಬಾಗಿಲಲ್ಲಿ ನಿಂತು, ಬಿಸಿಲು ಏರಿತು, ಹೊರಡೋಣ ಎಂದರು. ಆ ದಿನ ನಾವು ಅವರಿಗೆ ಏನೂ ಹೇಳಲಿಲ್ಲ.

ಎರಡು ತಿಂಗಳಾದ ಮೇಲೆ ಹುಡುಗನಿಂದ ನಮಗೆ ಒಂದು ಕಾಗದ ಬಂತು. ಹಿರಿಯರು ರಾಗಿಯನ್ನು ತಾವೇ ಹೊತ್ತುಕೊಂಡು ಹೋಗಿ, ಒಳಗೆ ಚಾಪೆಯ ಮೇಲೆ ಕೂತು, ನೀರು ಕೇಳಿ ಕುಡಿದರೆಂದು ಬರೆದಿದ್ದನು. ಬೇರೆ ಮೂರು ಮನೆಯವರು ಇನ್ನೂ ಬಾಗಿಲಾಚೆಯೇ ಇಟ್ಟು ಕೂಗುತ್ತಾರೆಂದೂ, ಅದರಲ್ಲಿ ತನ್ನ ಮನೆಯೂ ಒಂದೆಂದೂ, ತಾಯಿಯ ಸಂಗಡ ಈ ವಿಷಯವನ್ನು ಹೇಗೆ ಮಾತಾಡಬೇಕೆಂದೂ ಕೇಳಿದ್ದನು.